ಅಸರ್ಟ್ ಬರೆದವರು ಯಾವುದಕ್ಕೆ ಹೊಣೆ?

"ಮಳೆ ಬಂತು" ಅಂದವನು ಸಿಕ್ಕಿಹಾಕಿಕೊಂಡ. ಅಂಗಳ ಒಣಗಿದ್ದರೆ ಅವನನ್ನೇ ಹಿಡಿದು ಕೇಳಬಹುದು. "ಮಳೆ ಬಂತಂತೆ" ಅಂದವನು ಜಾರಿಕೊಂಡ. ಯಾರೋ ಹೇಳಿದ್ದನ್ನು ದಾಟಿಸಿದ್ದಷ್ಟೇ ಅವನ ಕೆಲಸ. "ಬಂದಿರಬೇಕು" ಅಂದವನದು ಊಹೆ. "ಮಳೆ ಬಂದರೆ ಮ್ಯಾಚ್ ನಿಲ್ಲುತ್ತೆ" ಅಂದವನು ಮಳೆ ಬಂತೋ ಇಲ್ಲವೋ ಅನ್ನುವ ಬಗ್ಗೆ ಬಾಯಿಯನ್ನೇ ಬಿಟ್ಟಿಲ್ಲ. ನಾಲ್ಕರಲ್ಲೂ ಸಂಗತಿ ಒಂದೇ, ಅದರ ಹಿಂದೆ ನಿಲ್ಲುವ ಗಟ್ಟಿತನ ಬೇರೆ ಬೇರೆ. ಸಂಗತಿಯನ್ನು ಬರೀ ಎತ್ತಿ ತೋರಿಸುವುದು ಒಂದು, ಅದು ನಿಜ ಅಂತ ಹೇಳಿ ಹೊಣೆ ಹೊರುವುದು ಇನ್ನೊಂದು. ಅಸರ್ಷನ್ ಅಂದರೆ ಈ ಎರಡನೆಯದು. ಪ್ರೋಗ್ರಾಮಿನೊಳಗೆ "ಇಲ್ಲಿ ಈ ಮಾತು ನಿಜ" ಅಂತ ಬರೆದಿಡುವ ಸಾಲೇ ಅಸರ್ಟ್, ಆ ಮಾತು ಸುಳ್ಳಾದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಪ್ರೋಗ್ರಾಮಿಂಗ್ ಕಲಿಸುವಾಗ ನಾವು ಹೊಣೆಯ ಮಾತನ್ನು ಮರೆತು, ಅಸರ್ಟ್ ಅನ್ನು "ಇಫ್‌ನ ಇನ್ನೊಂದು ರೂಪ" ಅಂತ ಹೇಳಿ ಮುಗಿಸಿಬಿಡುತ್ತೇವೆ. ನನ್ನ ತಕರಾರು ಅಲ್ಲಿಂದಲೇ ಶುರು.

ತರ್ಕದಲ್ಲಿ ಈ ವ್ಯತ್ಯಾಸಕ್ಕೆ ಒಂದು ಗುರುತನ್ನೇ ಕೊಟ್ಟವರು ಜರ್ಮನಿಯ ಗಣಿತಜ್ಞ ಗಾಟ್‌ಲೋಬ್ ಫ್ರೇಗೆ. 1879ರಲ್ಲಿ ಅವರು ಮುಂದಿಟ್ಟ ಬರವಣಿಗೆಯ ಕ್ರಮದಲ್ಲಿ, ವಾಕ್ಯದ ಮುಂದೆ ಬರೀ ಅಡ್ಡಗೆರೆ ಇದ್ದರೆ "ಹೀಗೊಂದು ವಿಚಾರ" ಅಂತಷ್ಟೇ. ಅದರ ಎಡತುದಿಗೆ ಒಂದು ನೆಟ್ಟಗೆರೆ ಬಿದ್ದರೆ "ಇದು ನಿಜ" ಅಂತ ಒಪ್ಪಿ ಹೇಳಿದ ಹಾಗೆ. ಇವತ್ತಿನ ತರ್ಕದ ಪುಸ್ತಕಗಳಲ್ಲಿ ಕಾಣುವ ⊢ ಚಿಹ್ನೆ ಆ ಎರಡು ಗೆರೆಗಳ ಸಂತಾನ. ಇದು ಬರೀ ಚಿಹ್ನೆಯ ಶೋಕಿ ಅಲ್ಲ. "ಮಳೆ ಬಂದರೆ ಮ್ಯಾಚ್ ನಿಲ್ಲುತ್ತೆ, ಮಳೆ ಬಂತು, ಹಾಗಾಗಿ ಮ್ಯಾಚ್ ನಿಂತಿತು" ಅನ್ನುವ ವಾದದಲ್ಲಿ ಮಳೆಯ ಸಂಗತಿ ಎರಡು ಸಲ ಬರುತ್ತದೆ. ಮೊದಲ ಸಲ ಯಾರೂ ಅದನ್ನು ನಿಜ ಅಂತ ಹೇಳುತ್ತಿಲ್ಲ, ಎರಡನೇ ಸಲ ಹೇಳುತ್ತಿದ್ದಾರೆ. ಆದರೂ ಸಂಗತಿ ಎರಡೂ ಕಡೆ ಒಂದೇ ಆಗಿರಲೇಬೇಕು, ಇಲ್ಲದಿದ್ದರೆ ವಾದದ ಕೊಂಡಿ ಕಳಚುತ್ತದೆ.

ನಮ್ಮ ಹಳೆಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರ ವಾದಕ್ಕೆ ಹೇಳುವ ಐದು ಅವಯವಗಳಲ್ಲೂ (ಭಾಗಗಳಲ್ಲೂ) ಇಂಥದ್ದೊಂದು ಸೂಕ್ಷ್ಮ ಇದೆ. ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿ ಇದೆ. ಹೇತು: ಹೊಗೆ ಇರುವುದರಿಂದ. ಉದಾಹರಣೆ: ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ. ಉಪನಯ: ಈ ಬೆಟ್ಟವೂ ಹಾಗೆಯೇ. ನಿಗಮನ: ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ಮೊದಲನೆಯದೂ ಕೊನೆಯದೂ ಒಂದೇ ಮಾತು, ಸುಮ್ಮನೆ ಎರಡು ಸಲ ಯಾಕೆ ಅಂತ ಅನ್ನಿಸಬಹುದು. ಪ್ರತಿಜ್ಞೆ ಇನ್ನೂ ಸಾಲ, ತೀರಿಸಬೇಕಾದ ಮಾತು. ನಿಗಮನ ತೀರಿದ ಮಾತು, ಅದರ ಮೇಲೆ ಮುಂದಿನ ವಾದ ಕಟ್ಟಬಹುದು. ಕೋಡ್‌ನಲ್ಲಿ ಬರೆಯುವ ಅಸರ್ಟ್ ಒಂದೇ ಸಾಲಿನಲ್ಲಿ ಈ ಎರಡೂ ಕೆಲಸ ಮಾಡುತ್ತದೆ. ಅದರ ಮೇಲಿನ ಸಾಲುಗಳಿಗೆ ಅದು ಪ್ರತಿಜ್ಞೆ: ನೀವು ಇದನ್ನು ನಿಜ ಮಾಡಿ ಕೊಡಬೇಕು. ಕೆಳಗಿನ ಸಾಲುಗಳಿಗೆ ನಿಗಮನ: ಇದನ್ನು ನಂಬಿಕೊಂಡು ಮುಂದೆ ಹೋಗಿ.

ಕಂಪ್ಯೂಟರ್‌ಗೆ ಈ ವಿಚಾರ ಬಂದದ್ದು ಬಹಳ ಬೇಗ. 1947ರಲ್ಲೇ ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ತಮ್ಮ ಫ್ಲೋಚಾರ್ಟ್‌ಗಳಲ್ಲಿ ಅಸರ್ಷನ್ ಪೆಟ್ಟಿಗೆಗಳನ್ನು ಬರೆದಿದ್ದರು. 1949ರ ಜೂನ್‌ನಲ್ಲಿ ಅಲನ್ ಟ್ಯೂರಿಂಗ್ ಕೇಂಬ್ರಿಡ್ಜ್‌ನಲ್ಲಿ ಒಂದು ಪುಟ್ಟ ಪ್ರಬಂಧ ಓದಿದರು. ದೊಡ್ಡ ಪ್ರೋಗ್ರಾಮ್ ಸರಿಯಿದೆ ಅಂತ ಇನ್ನೊಬ್ಬರು ಪರೀಕ್ಷಿಸುವುದು ಹೇಗೆ ಅನ್ನುವುದು ಪ್ರಶ್ನೆ. ಅವರು ಕೊಟ್ಟ ಉದಾಹರಣೆ ಶಾಲೆಯ ಕೂಡುವ ಲೆಕ್ಕ. ಬರೀ ಮೊತ್ತ ಕೊಟ್ಟರೆ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ಮೇಲಿಂದ ಕೆಳಗಿನ ಪ್ರತಿ ಕಂಬಸಾಲಿನ ದಶಕಗಳನ್ನೂ (ಪಕ್ಕದ ಸಾಲಿಗೆ ಒಯ್ಯುವ ಅಂಕಿಗಳನ್ನೂ) ಬರೆದುಕೊಟ್ಟರೆ ಒಂದೊಂದು ಕಂಬಸಾಲನ್ನೂ ಬಿಡಿಬಿಡಿಯಾಗಿ ನೋಡಬಹುದು. ಪ್ರೋಗ್ರಾಮ್ ಬರೆದವರು ಅಲ್ಲಲ್ಲಿ ಖಚಿತವಾದ ಹೇಳಿಕೆಗಳನ್ನು ಬರೆದುಕೊಟ್ಟರೆ ಪರೀಕ್ಷಿಸುವವರ ಕೆಲಸವೂ ಹಾಗೆಯೇ ಹಗುರಾಗುತ್ತದೆ ಅನ್ನುವುದು ಅವರ ಮಾತು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದನ್ನು ನಿಯಮಬದ್ಧ ತರ್ಕ ಮಾಡಿದರು. ಅಂದರೆ ಅಸರ್ಷನ್ ಹುಟ್ಟಿದ್ದು ಕಂಪ್ಯೂಟರ್ ಓಡಿಸಿ ನೋಡುವುದಕ್ಕಲ್ಲ, ಮನುಷ್ಯ ಓದಿ ಒಪ್ಪುವುದಕ್ಕೆ.

ಬೈನರಿ ಸರ್ಚ್ ತೆಗೆದುಕೊಳ್ಳಿ: ನಡುವಿನ ಸಂಖ್ಯೆಗೆ ಹೋಲಿಸಿ, ಪ್ರತಿ ಸಲವೂ ಅರ್ಧ ಪಟ್ಟಿಯನ್ನು ಬಿಟ್ಟು ಹುಡುಕುವ ಕ್ರಮ. ಏರಿಕೆ ಕ್ರಮದ ಪಟ್ಟಿ. ಎಡ, ಬಲ, ನಡು ಅಂತ ಮೂರು ಸ್ಥಾನಗಳು. ಲೂಪಿನ ಪ್ರತಿ ಸುತ್ತಿನ ಆರಂಭದಲ್ಲಿ ಇರಬೇಕಾದ ಹೇಳಿಕೆ: "ಹುಡುಕುವ ಸಂಖ್ಯೆ ಪಟ್ಟಿಯಲ್ಲಿ ಎಲ್ಲಾದರೂ ಇದ್ದರೆ ಅದು ಎಡ ಮತ್ತು ಬಲದ ನಡುವೆಯೇ ಇದೆ." ಮೊದಲ ಸುತ್ತಿಗೆ ಮುಂಚೆ ಇದು ನಿಜವೇ, ಒಂದು ಸುತ್ತು ಮುಗಿದಾಗ ಇನ್ನೂ ನಿಜವೇ, ಎಡ ಬಲವನ್ನು ದಾಟಿದಾಗ ಇದರಿಂದ "ಇಲ್ಲ" ಅನ್ನುವ ಉತ್ತರ ಹೊರಡುತ್ತದೆಯೇ ಅಂತ ನೋಡಬೇಕು. ಇಷ್ಟೇ ಸಾಲದು. "ಎಡ = ನಡು + 1" ಅನ್ನುವ ಜಾಗದಲ್ಲಿ "ಎಡ = ನಡು" ಅಂತ ಬರೆದರೂ ಮೇಲಿನ ಹೇಳಿಕೆ ಸುಳ್ಳಾಗುವುದಿಲ್ಲ! ಎರಡೇ ಸಂಖ್ಯೆಗಳ ಪಟ್ಟಿ, ಎಡ 0, ಬಲ 1. ನಡು 0 ಬರುತ್ತದೆ. ಹುಡುಕುವ ಸಂಖ್ಯೆ ದೊಡ್ಡದಿದ್ದರೆ ಎಡ ಮತ್ತೆ 0. ಪ್ರೋಗ್ರಾಮ್ ಅಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೇ ಇನ್ನೊಂದು ಹೇಳಿಕೆ ಬೇಕು: ಪ್ರತಿ ಸುತ್ತಿನಲ್ಲೂ "ಬಲ − ಎಡ" ಹಿಂದಿನದಕ್ಕಿಂತ ಚಿಕ್ಕದಾಗಿದೆ. ಪ್ರೋಗ್ರಾಮ್ ನಿಲ್ಲುತ್ತದೆ ಅನ್ನುವುದಕ್ಕೂ ಪ್ರತ್ಯೇಕ ಆಧಾರ ಬೇಕು ಅನ್ನುವುದು ಟ್ಯೂರಿಂಗ್ ಪ್ರಬಂಧದಲ್ಲೇ ಇತ್ತು.

ಇಷ್ಟೆಲ್ಲ ಸರಿಯೆಂದು ತೋರಿಸಿದ ಮೇಲೂ ಜಾವಾ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ ವರ್ಷಗಟ್ಟಲೆ ಬಗ್ ಇತ್ತು. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ನಡುವನ್ನು ಹುಡುಕಲು ಎಡ ಮತ್ತು ಬಲವನ್ನು ಕೂಡಿ ಎರಡರಿಂದ ಭಾಗಿಸುತ್ತೇವೆ. 32 ಬಿಟ್‌ಗಳ ಪೂರ್ಣಾಂಕ 2,14,74,83,647 ದಾಟುವ ಹಾಗಿಲ್ಲ. ಪಟ್ಟಿಯಲ್ಲಿ ಸುಮಾರು 107 ಕೋಟಿಗೂ ಹೆಚ್ಚು ಅಂಶಗಳಿದ್ದರೆ ಆ ಮೊತ್ತ ಮಿತಿ ದಾಟಿ ಋಣಸಂಖ್ಯೆಯಾಗಬಹುದು, ಆಗ ನಡುವೂ ಋಣ. "ಎಡ + (ಬಲ − ಎಡ) / 2" ಅಂತ ಬರೆದರೆ ಸರಿಹೋಗುತ್ತದೆ. ಸರಿಯೆಂದು ತೋರಿಸಿದ ವಾದದಲ್ಲಿ ತಪ್ಪಿರಲಿಲ್ಲ, ಅದು ಗಣಿತದ ಮಿತಿಯಿಲ್ಲದ ಪೂರ್ಣಾಂಕಗಳ ಬಗ್ಗೆ ಇತ್ತು. "ಈ ಮೊತ್ತ 32 ಬಿಟ್‌ಗಳಲ್ಲಿ ಹಿಡಿಸುತ್ತದೆ" ಅನ್ನುವ ಹೇಳಿಕೆಯನ್ನು ಎಲ್ಲರೂ ನಂಬಿದ್ದರು, ಯಾರೂ ಬರೆದಿರಲಿಲ್ಲ.

ಇನ್ನು ದಿನನಿತ್ಯ ಎಡವುವ ಜಾಗಗಳು. ಬಳಕೆದಾರ ತುಂಬಿದ ಫಾರ್ಮ್ ಅನ್ನು ಅಸರ್ಟ್‌ನಿಂದ ಪರೀಕ್ಷಿಸುವುದು ಎಲ್ಲಕ್ಕಿಂತ ಸಾಮಾನ್ಯ. ಪಿನ್‌ಕೋಡ್‌ನಲ್ಲಿ ಐದೇ ಅಂಕಿ ಬಂದರೆ ಅದು ಬಳಕೆದಾರನ ತಪ್ಪು, ಅದಕ್ಕೆ ಇಫ್ ಇದೆ, ತಿಳಿಯುವ ಭಾಷೆಯ ಸಂದೇಶ ಇದೆ. ನನ್ನ ಪರೀಕ್ಷೆ ಸರಳ: ಈ ಷರತ್ತು ಸುಳ್ಳಾದರೆ ತಿದ್ದಬೇಕಾದ್ದು ಇನ್‌ಪುಟ್ಟೋ ಕೋಡೋ? ಕೋಡ್ ಆಗಿದ್ದರೆ ಮಾತ್ರ ಅಸರ್ಟ್. ಪೈಥಾನ್ ಭಾಷೆಯ ಪ್ರೋಗ್ರಾಮನ್ನು -ಓ (-O) ಆಯ್ಕೆಯೊಡನೆ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯ. "ಇವರು ಅಡ್ಮಿನ್ ಹೌದೇ" ಅನ್ನುವ ಪರೀಕ್ಷೆಯನ್ನು ಅಸರ್ಟ್‌ನಲ್ಲಿ ಇಟ್ಟಿದ್ದರೆ ಬಾಗಿಲೇ ಇಲ್ಲದ ಹಾಗಾಯಿತು. ಸಿ ಭಾಷೆಯಲ್ಲಿ ಎನ್‌ಡೀಬಗ್ (NDEBUG) ಅನ್ನುವ ಗುರುತು ಹಾಕಿ ಕಂಪೈಲ್ ಮಾಡಿದರೂ ಇದೇ ಕಥೆ. ಹಾಗಾಗಿ ಅಸರ್ಟ್‌ನ ಆವರಣದೊಳಗೆ ಕೆಲಸ ಮಾಡುವ ಕೋಡ್ ಇಡಬಾರದು. ಸ್ಟ್ಯಾಕಿನಿಂದ (ಒಂದರ ಮೇಲೊಂದು ಪೇರಿಸಿಟ್ಟ ಪಟ್ಟಿಯಿಂದ) ಒಂದನ್ನು ತೆಗೆದು ಅದು 3 ಹೌದೇ ಅಂತ ಅಲ್ಲೇ ಕೇಳಿದರೆ, ಅಸರ್ಟ್ ಹೋದಾಗ ತೆಗೆಯುವುದೂ ಹೋಗುತ್ತದೆ. ನಾವು ಪರೀಕ್ಷೆಗೆ ಓಡಿಸುವ ಡೀಬಗ್ ಬಿಲ್ಡ್‌ನಲ್ಲಿ ಸರಿ, ಗ್ರಾಹಕರ ಮಷಿನ್‌ನಲ್ಲಿ ತಪ್ಪು. ಹುಡುಕಲು ಇದಕ್ಕಿಂತ ಕಿರಿಕಿರಿಯ ಬಗ್ ಕಡಿಮೆ. ಜಾವಾದಲ್ಲಂತೂ -ಇಎ (-ea) ಆಯ್ಕೆ ಕೊಡದಿದ್ದರೆ ಅಸರ್ಟ್ ಓಡುವುದೇ ಇಲ್ಲ. ಪೈಥಾನ್‌ನಲ್ಲಿ ಷರತ್ತು ಮತ್ತು ಸಂದೇಶ ಎರಡನ್ನೂ ಒಂದೇ ಆವರಣದೊಳಗೆ ಹಾಕಿದರೆ ಅದು ಟ್ಯೂಪಲ್ (ಬೆಲೆಗಳ ಒಂದು ಗುಂಪು) ಆಗುತ್ತದೆ, ಖಾಲಿಯಲ್ಲದ ಟ್ಯೂಪಲ್ ಯಾವತ್ತೂ ನಿಜ. ಹೊಸ ಆವೃತ್ತಿಗಳು ಎಚ್ಚರಿಸುತ್ತವೆ, ಓದುವವರು ಬೇಕು.

ಅಸರ್ಟ್ ಯಾವುದನ್ನು ಹೇಳಬೇಕು? ಮೇಲಿನ ಸಾಲನ್ನೇ ಮತ್ತೆ ಹೇಳಿದರೆ ದಂಡ. 100 ರೂಪಾಯಿ ಬಿಲ್ಲನ್ನು ಮೂವರಿಗೆ ಹಂಚುವ ಫಂಕ್ಷನ್‌ನಲ್ಲಿ "ಪಾಲುಗಳ ಮೊತ್ತ ಬಿಲ್ಲಿಗೆ ಸಮ" ಅನ್ನುವುದು ಒಳ್ಳೆಯ ಅಸರ್ಟ್, ಯಾಕೆಂದರೆ ಅದು ಹಂಚುವ ಲೆಕ್ಕಕ್ಕೆ ಹೊರಗಿನ ಸತ್ಯ. 33.33ರ ಮೂರು ಪಾಲು 99.99 ಆದಾಗ ಕಳೆದುಹೋದ ಒಂದು ಪೈಸೆಯನ್ನು ಅದು ಹಿಡಿಯುತ್ತದೆ. ಆದರೆ ಲೆಕ್ಕ ಪೈಸೆಯಲ್ಲಿ ಪೂರ್ಣಾಂಕವಾಗಿರಲಿ: 3333, 3333, 3334. ದಶಮಾಂಶಗಳನ್ನು ಅಂದಾಜಿನಲ್ಲಿ ಹಿಡಿದಿಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.3ಕ್ಕೆ ಸಮವಾಗುವುದಿಲ್ಲ, ಸರಿಯಾದ ಕೋಡೇ ಬಿದ್ದುಹೋಗುತ್ತದೆ. ಖರ್ಚನ್ನೂ ನೋಡಬೇಕು. ಹತ್ತು ಲಕ್ಷದ ಪಟ್ಟಿಯಲ್ಲಿ ಬೈನರಿ ಸರ್ಚ್‌ಗೆ ಸುಮಾರು 20 ಸುತ್ತು ಸಾಕು. "ಪಟ್ಟಿ ಕ್ರಮದಲ್ಲಿದೆ" ಅಂತ ಪೂರ್ತಿ ಪರೀಕ್ಷಿಸಲು 9,99,999 ಹೋಲಿಕೆ. ಎಡ, ನಡು, ಬಲ ಮೂರೂ ಸ್ಥಾನಗಳ ಸಂಖ್ಯೆಗಳು ಏರಿಕೆಯಲ್ಲಿವೆ ಅಂತ ಸುತ್ತಿಗೊಂದು ಸಲ ನೋಡಿದರೆ ಅಗ್ಗ, ಕೆಟ್ಟ ಪಟ್ಟಿ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರ ಕೈಯಲ್ಲಿ ಓಡುವಾಗ, ಅಸರ್ಟ್ ಆಫ್ ಮಾಡಬೇಕೇ? ದುಬಾರಿಯಾದವನ್ನು ಆಫ್ ಮಾಡಿ, ಉಳಿದವು ಇರಲಿ ಅನ್ನುವುದು ನನ್ನ ಪಕ್ಷ. ರಸ್ಟ್ ಭಾಷೆಯ ಏರ್ಪಾಡು ಇದಕ್ಕೆ ಹತ್ತಿರ: ಸಾಮಾನ್ಯ ಅಸರ್ಟ್ ಗ್ರಾಹಕರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲೂ ಉಳಿಯುತ್ತದೆ, ಡೀಬಗ್ ಅಸರ್ಟ್ ಮಾತ್ರ ಹೋಗುತ್ತದೆ. "ನಿಂತುಹೋಗುವುದಕ್ಕಿಂತ ತಪ್ಪು ಉತ್ತರದೊಡನೆ ಓಡುವುದೇ ವಾಸಿ" ಅನ್ನುವವರ ಮಾತು ಬ್ಯಾಂಕಿನ ಲೆಕ್ಕಕ್ಕೆ ಒಪ್ಪುವುದಿಲ್ಲ. ಹಾರುತ್ತಿರುವ ರಾಕೆಟ್ಟಿಗೆ ಒಪ್ಪಬಹುದು.

1996ರ ಜೂನ್ 4ರಂದು ಹಾರಿದ ಯುರೋಪಿನ ಏರಿಯನ್ 5 ರಾಕೆಟ್ ನೋಡಿ. ಏರಿಯನ್ 4ರಿಂದ ಹಾಗೇ ಎತ್ತಿ ತಂದ ಸಾಫ್ಟ್‌ವೇರ್, ಅಡ್ಡವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಬಿದ್ದಿತು. ಬದಲಿ ಘಟಕದಲ್ಲೂ ಅದೇ ಸಾಫ್ಟ್‌ವೇರ್, ಅದೂ ಬಿದ್ದಿತು. ಹೊರಟ 40 ಸೆಕೆಂಡಿನ ಆಸುಪಾಸಿನಲ್ಲೇ ರಾಕೆಟ್ ಚೂರಾಯಿತು. ಮಿತಿ ದಾಟಬಹುದಾದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು. ಪ್ರೊಸೆಸರ್ ಮೇಲಿನ ಭಾರ ಮಿತಿಯೊಳಗಿರಲಿ ಅಂತ ಮೂರನ್ನು ಬಿಟ್ಟಿದ್ದರು. ಅಲ್ಲೊಂದು ಅಸರ್ಟ್ ಇದ್ದಿದ್ದರೆ ರಾಕೆಟ್ ಉಳಿಯುತ್ತಿತ್ತು ಅಂತ ಹೇಳುವುದು ಸುಲಭ, ನನಗೆ ಒಪ್ಪಿಗೆಯಿಲ್ಲ. ದೋಷ ಕಂಡರೆ ಪ್ರೊಸೆಸರ್ ನಿಲ್ಲಬೇಕು ಅಂತಲೇ ನಿಯಮ ಇತ್ತು. ಅಸರ್ಟ್ ಬಿದ್ದಿದ್ದರೂ ಅದೇ ಆಗುತ್ತಿತ್ತು. ಏಳರಲ್ಲಿ ಆ ಮೂರನ್ನೇ ಬಿಟ್ಟದ್ದಕ್ಕೂ ಕಾರಣ ಇತ್ತು: ಅವು ಅಷ್ಟು ದೊಡ್ಡದಾಗಲಾರವು. ಏರಿಯನ್ 4ರ ಪಥಕ್ಕೆ ಅದು ನಿಜವೂ ಆಗಿತ್ತು. ಆ ಸಮರ್ಥನೆ ಕೋಡಿನ ಪಕ್ಕದಲ್ಲಿ ಇರಲಿಲ್ಲ ಅಂತ ತನಿಖಾ ಸಮಿತಿಯೇ ಗುರುತಿಸಿತು. ಇದ್ದಿದ್ದರೆ, ಆ ಕೋಡನ್ನು ಹೆಚ್ಚು ವೇಗವಾಗಿ ಅಡ್ಡಕ್ಕೆ ಸಾಗುವ ಹೊಸ ರಾಕೆಟ್ಟಿಗೆ ಹಾಕುವ ಮುನ್ನ ಓದಿದವರು ಅಲ್ಲಿ ತಡೆಯುವ ಅವಕಾಶ ಇತ್ತು.

ಆದ್ದರಿಂದ ಅಸರ್ಟ್ ಬರೆದಾಗ ಸಂದೇಶದಲ್ಲಿ "ದೋಷ" ಅಂತಷ್ಟೇ ತುಂಬಬೇಡಿ. ಯಾಕೆ ನಿಜ ಅಂದುಕೊಂಡಿದ್ದೀರಿ, ಯಾವಾಗ ನಿಜವಾಗಿ ಉಳಿಯುವುದಿಲ್ಲ, ಎರಡನ್ನೂ ಬರೆಯಿರಿ. ಬೈನರಿ ಸರ್ಚ್‌ಗಾದರೆ ಹೀಗೆ: "ಎಡ + ಬಲ 32 ಬಿಟ್‌ಗಳಲ್ಲಿ ಹಿಡಿಸುತ್ತದೆ, ಯಾಕೆಂದರೆ ನಮ್ಮ ಪಟ್ಟಿ ಐದು ಕೋಟಿ ದಾಟುವುದಿಲ್ಲ, ನೂರು ಕೋಟಿಯ ಹತ್ತಿರ ಬಂದರೆ ಈ ಸಾಲನ್ನು ಮತ್ತೆ ನೋಡಿ."