ಐರೋಲಿಯ ಕೆಸರು

ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಆರು ಗಂಟೆಗೆ ಒಂದು ಚಿತ್ರ ಬರುತ್ತದೆ. ಹಿಮದ ಬೆಟ್ಟ, ಹಿಂದೆ ಸೂರ್ಯ, ಮುಂದೆ ಕನ್ನಡಿಯಂಥ ಕೆರೆ. ಕೆಳಗೆ ದಪ್ಪಕ್ಷರದಲ್ಲಿ, ‘ದೇವರ ಪ್ರೀತಿ ಶಾಶ್ವತ’. ಕಳಿಸುವವರು ಡೊಂಬಿವಲಿಯವರು. ನೋಡುವವಳು ನಾನು, ನವಿ ಮುಂಬಯಿಯ ಐರೋಲಿಯವಳು. ಇಬ್ಬರೂ ಹಿಮವನ್ನು ಫ್ರಿಜ್ಜಿನ ಒಳಗೆ ಬಿಟ್ಟು ಬೇರೆಲ್ಲೂ ಕಂಡವರಲ್ಲ.

ನಾನೂ ಕೈಮುಗಿದ ಗುರುತು ಒತ್ತಿ ಸುಮ್ಮನಾಗುತ್ತೇನೆ. ಅವರಿಗೆ ಬೇಜಾರಾಗಬಾರದು ಅಲ್ವಾ. ಆದರೆ ಒಳಗೊಂದು ತಕರಾರು ಇದ್ದೇ ಇದೆ. ದೇವರ ಪ್ರೀತಿ ಕಾಣಬೇಕಾದರೆ ಸ್ವಿಟ್ಜರ್ಲೆಂಡಿನ ಬೆಟ್ಟವೇ ಆಗಬೇಕು ಅಂದರೆ ನಮ್ಮಂಥವರ ಗತಿ ಏನು? ನಮ್ಮ ಕಿಟಕಿ ತೆರೆದರೆ ಕಾಣುವುದು ಠಾಣೆಯ ಖಾಡಿ, ಸಮುದ್ರದ ನೀರು ಒಳಗೆ ಬಂದುಹೋಗುವ ಕವಲು. ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಕಪ್ಪು ಕೆಸರು. ಗಾಳಿ ಈ ಕಡೆ ಬೀಸಿದರೆ ಕಿಟಕಿ ಮುಚ್ಚಿಕೊಳ್ಳುತ್ತೇವೆ.

ಮೊನ್ನೆ ಫೆಬ್ರವರಿಯಲ್ಲಿ ತಂಗಿಯ ಮಗಳು ಪುಣೆಯಿಂದ ಬಂದಿದ್ದಳು, ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು. ಹುಡುಗನಿಗೆ ಏನು ತೋರಿಸುವುದು? ಮಾಲಿಗೆ ಬೇಡ ಅಂತ ಐರೋಲಿಯ ಜೀವವೈವಿಧ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅರಣ್ಯ ಇಲಾಖೆಯವರು 2017ರಲ್ಲಿ ಶುರು ಮಾಡಿದ್ದು. ಅಲ್ಲಿಂದ ದೋಣಿಯಲ್ಲಿ ಖಾಡಿಯ ಒಳಗೆ ಕರೆದುಕೊಂಡು ಹೋಗಿ ರಾಜಹಂಸ ತೋರಿಸುತ್ತಾರೆ. ಫ್ಲೆಮಿಂಗೊ ಅಂದರೆ ಬೇಗ ಗೊತ್ತಾಗಬಹುದು.

ದೋಣಿ ಹತ್ತಿದ ಕೂಡಲೇ ಹುಡುಗ ಮೂಗು ಮುಚ್ಚಿಕೊಂಡ. “ಅಜ್ಜಿ, ಇದು ಗಟಾರದ ವಾಸನೆ.”

“ಹೌದು ಮಗಾ, ಗಟಾರದ್ದೇ,” ಅಂದೆ. ಸುಳ್ಳು ಯಾಕೆ ಹೇಳಲಿ?

ಎರಡೂ ದಡದಲ್ಲಿ ಕಾಂಡ್ಲ, ಅಂದರೆ ಮ್ಯಾಂಗ್ರೋವ್. ನಮ್ಮ ಉಡುಪಿ ಕಡೆಯ ಹೊಳೆ ಬಾಯಿಯಲ್ಲೂ ಇದೇ ಮರ. ಉಪ್ಪು ನೀರಿನಲ್ಲಿ ನಿಂತು ಬದುಕುತ್ತದೆ. ಕೆಸರಿನೊಳಗೆ ಉಸಿರಾಡಲು ಗಾಳಿ ಸಿಗುವುದಿಲ್ಲ ಅಂತ ಬೇರುಗಳನ್ನೇ ಮೇಲಕ್ಕೆ ಕಳಿಸಿದೆ. ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಬೇರು ಕೆಸರಿನಿಂದ ಮೇಲೆ ನಿಂತಿರುತ್ತವೆ. ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಗೆ ಹಾಕುತ್ತದೆ. ದೋಣಿ ಹತ್ತುವ ಮೊದಲು ಒಂದು ಎಲೆ ಮುಟ್ಟಿ ಬೆರಳು ನೆಕ್ಕು ಅಂದಿದ್ದೆ ಹುಡುಗನಿಗೆ. ಅವನ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಅವನು ನೆಕ್ಕಿಯೇ ಬಿಟ್ಟ.

ಆಮೇಲೆ ತಿರುವು ಕಳೆದ ಮೇಲೆ ಹಕ್ಕಿಗಳು. ಹತ್ತಿಪ್ಪತ್ತಲ್ಲ. ಕೆಸರಿನ ಮೇಲೆ ಯಾರೋ ಗುಲಾಬಿ ಸೀರೆ ಒಣಗಲು ಹಾಕಿದ ಹಾಗೆ. ಎಲ್ಲವೂ ತಲೆ ತಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಇಳಿಸಿ ತಿನ್ನುತ್ತಿದ್ದವು. ಹುಡುಗ ಮೂಗಿನಿಂದ ಕೈ ತೆಗೆದಿದ್ದು ನಾನು ಗಮನಿಸಿದೆ.

ದೋಣಿಯಲ್ಲಿದ್ದ ಹುಡುಗಿ ಮರಾಠಿಯಲ್ಲಿ ವಿವರಿಸುತ್ತಿದ್ದಳು. ಈ ಹಕ್ಕಿಗಳು ಈ ಪ್ರಮಾಣದಲ್ಲಿ ಮುಂಬಯಿಗೆ ಬರಲು ಶುರುವಾಗಿದ್ದು 1990ರ ದಶಕದಿಂದ. ಗುಜರಾತಿನ ಕಛ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬಂದು, ಮಳೆ ಹತ್ತಿರ ಬಂದಾಗ ಹೋಗುತ್ತವೆ. ಯಾಕೆ ಇಲ್ಲಿಗೇ? ಊಟಕ್ಕೆ. ಊಟ ಏನು? ಪಾಚಿ. ಪಾಚಿ ಇಷ್ಟು ದಟ್ಟವಾಗಿ ಯಾಕೆ ಬೆಳೆಯುತ್ತದೆ? ನಮ್ಮ ಗಟಾರದಿಂದ. ಊರಿನ ಕೊಳಕು ನೀರಿನಲ್ಲಿ ಬರುವ ಸಾರಜನಕ, ರಂಜಕವೇ ಪಾಚಿಗೆ ಗೊಬ್ಬರ. ಆ ಪಾಚಿಯಲ್ಲಿರುವ ಬಣ್ಣವೇ ರೆಕ್ಕೆಯ ಗುಲಾಬಿ. ಅಂದರೆ ಭಾಂಡುಪ್, ಮುಲುಂಡ್, ಐರೋಲಿಯ ನಾವೆಲ್ಲ ಬಚ್ಚಲಿಗೆ ಬಿಟ್ಟದ್ದು ಅಲ್ಲಿ ಬಣ್ಣವಾಗಿ ನಿಂತಿದೆ.

ಇದನ್ನು ಓದಿ ಖಾಡಿಗೆ ಗಟಾರ ಬಿಡುವುದು ಪುಣ್ಯದ ಕೆಲಸ ಅಂತ ಯಾರೂ ತಿಳಿಯಬೇಡಿ. ಕೊಳಕು ಮಿತಿ ಮೀರಿದರೆ ನೀರಿನಲ್ಲಿ ಆಮ್ಲಜನಕ ಇಳಿದು ಮೀನು ಸಾಯುತ್ತದೆ. ನಮ್ಮ ದಡದ ಕೋಲಿ ಸಮುದಾಯದ ಮೀನುಗಾರರು ಬಲೆ ಎಳೆದರೆ ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಅನ್ನುತ್ತಾರೆ. ನಾವು ಮಾಡಿದ್ದು ತಪ್ಪೇ. ಆ ತಪ್ಪಿನ ಮೇಲೂ ಇನ್ನೊಂದು ಕೈ ಕೆಲಸ ಮಾಡುತ್ತಿದೆ ಅನ್ನುವುದಷ್ಟೇ ನನಗೆ ಕಂಡಿದ್ದು.

ಆ ಹುಡುಗಿ ಇನ್ನೊಂದು ಹೇಳಿದಳು. ಮರಿಗಳು ಹುಟ್ಟುವಾಗ ಬೂದು ಬಿಳಿ. ತಂದೆ ತಾಯಿ ಇಬ್ಬರೂ ಗಂಟಲಿನಿಂದ ಹಾಲಿನಂಥದ್ದು ಇಳಿಸಿ ಮರಿಗೆ ಕುಡಿಸುತ್ತವೆ. ಆ ಹಾಲು ಕೆಂಪು. ಕುಡಿಸುತ್ತಾ ಕುಡಿಸುತ್ತಾ ದೊಡ್ಡ ಹಕ್ಕಿಗಳ ಗುಲಾಬಿ ಬಣ್ಣ ಮಾಸುತ್ತದೆ. ನನ್ನ ಪಕ್ಕ ಕೂತಿದ್ದ ತಂಗಿಯ ಮಗಳು ಮಗನ ಕೂದಲು ಸರಿ ಮಾಡಿದಳು, ಏನೂ ಹೇಳಲಿಲ್ಲ. ಅವಳ ಕಣ್ಣಿನ ಕೆಳಗೆ ಕಪ್ಪಾಗಿದ್ದು ಆಗ ನೋಡಿದೆ.

ಈಗ ಕೀರ್ತನೆಯ ವಿಷಯ. ಬೈಬಲಿನ 136ನೇ ಕೀರ್ತನೆ ಗೊತ್ತಿದ್ದವರಿಗೆ ಗೊತ್ತು. 26 ವಚನ. ಪ್ರತಿ ವಚನದ ಕೊನೆಗೂ ಒಂದೇ ಮಾತು, ಆತನ ಕೃಪೆಗೆ ಕೊನೆಯಿಲ್ಲ ಅನ್ನುವ ಅರ್ಥದ್ದು. ಸಭಾಪಾಲಕರು ಮೊದಲರ್ಧ ಓದುವುದು, ನಾವು ಉಳಿದರ್ಧ ಹೇಳುವುದು. ಆಕಾಶ ಮಾಡಿದವನು, ನೀರಿನ ಮೇಲೆ ಭೂಮಿ ಹರಡಿದವನು, ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಇಟ್ಟವನು. ಚಿಕ್ಕವಳಿದ್ದಾಗ ನನಗೆ ಹತ್ತು ಹನ್ನೆರಡಕ್ಕೇ ಆಕಳಿಕೆ ಬರುತ್ತಿತ್ತು. ಒಂದು ಸಲ ಹೇಳಿದರೆ ದೇವರಿಗೆ ಕೇಳುವುದಿಲ್ಲವಾ ಅಂತ ಅಜ್ಜಿಯನ್ನು ಕೇಳಿದ್ದೆ.

ಅಜ್ಜಿ ಗದ್ದೆ ಕೆಲಸದವಳು. “ನೇಜಿ ನೆಡುವಾಗ ಒಬ್ಬಳು ಹಾಡಿದ್ದಕ್ಕೆ ಉಳಿದವರು ಓ ಬೇಲೆ ಓ ಬೇಲೆ ಅಂತ ಸೇರಿಸುವುದಿಲ್ವಾ? ಅದು ಕಿವಿಗಲ್ಲ, ಸೊಂಟಕ್ಕೆ. ಬಗ್ಗಿದ ಸೊಂಟ ಸಂಜೆವರೆಗೆ ತಡೆಯಬೇಕಲ್ಲ,” ಅಂದಳು.

ಆಗ ನನಗೆ ಅರ್ಥ ಆಗಲಿಲ್ಲ. ದೋಣಿಯಲ್ಲಿ ಕೂತಾಗ ಸ್ವಲ್ಪ ಆಯಿತು. ಖಾಡಿಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಯಾಕೆಂದರೆ ಚಂದ್ರ ಅಷ್ಟರಲ್ಲಿ ಮುಂದೆ ಹೋಗಿರುತ್ತಾನೆ. ನೀರು ಇಳಿದು ಕೆಸರು ಕಂಡರೆ ಹಕ್ಕಿಗೆ ಊಟ. ರಾತ್ರಿ ಆಳಲು ಚಂದ್ರ ಅಂತ ಕೀರ್ತನೆ ಹೇಳುತ್ತದೆ. ಐರೋಲಿಯ ಹಕ್ಕಿಗಳಿಗೆ ಊಟದ ಗಂಟೆ ಬಾರಿಸುವವನೂ ಅವನೇ. ಇದರಲ್ಲಿ ಹೊಸದು ಏನೂ ಇಲ್ಲ. ನಿನ್ನೆಯೂ ಇದೇ, ನಾಳೆಯೂ ಇದೇ. ಫೋಟೋ ತೆಗೆದು ಬೆಳಿಗ್ಗೆ ಆರಕ್ಕೆ ಕಳಿಸುವಂಥದ್ದೂ ಅಲ್ಲ. ಆ ಕೀರ್ತನೆಯಲ್ಲಿ ಕೃಪೆ ಅಂತ ನಾವು ಓದುವ ಪದ ಹೀಬ್ರೂವಿನಲ್ಲಿ ‘ಹೆಸೆದ್’. ಪ್ರೀತಿ, ದಯೆ, ಕೊಟ್ಟ ಮಾತು ಬಿಡದಿರುವುದು, ಎಲ್ಲ ಅದರೊಳಗಿದೆ. ನನ್ನನ್ನು ಕೇಳಿದರೆ ‘ನಿಯತ್ತು’ ಅನ್ನುತ್ತೇನೆ. ಉಬ್ಬರಕ್ಕೆ ಇರುವಂಥ ನಿಯತ್ತು.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಹಿಮದ ಬೆಟ್ಟದ ಚಿತ್ರ ಕಳಿಸಿದ ಹಾಗೆ.

2005ರ ಜುಲೈ 26. ಮುಂಬಯಿಯವರಿಗೆ ವಿವರಿಸಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ಮಧ್ಯಾಹ್ನ ದೊಡ್ಡ ಉಬ್ಬರ. ಸಮುದ್ರ ಏರಿದ್ದರಿಂದ ಊರಿನ ನೀರು ಹೊರಗೆ ಹೋಗಲಿಲ್ಲ. ಮೀಠಿ ನದಿಯ ಬಾಯಲ್ಲಿದ್ದ ಕಾಂಡ್ಲ ಕಡಿದು, ಜಾಗ ತುಂಬಿಸಿ ಕಟ್ಟಡ ಎಬ್ಬಿಸಿದ್ದೂ ಸೇರಿಕೊಂಡಿತು. ಮೇಲೆ ನಿಯತ್ತು ಅಂತ ಹೊಗಳಿದೆನಲ್ಲ, ಅದೇ ಉಬ್ಬರ. ಅವತ್ತೂ ಹೇಳಿದ ಹೊತ್ತಿಗೆ ಸರಿಯಾಗಿ ಬಂತು.

ಆಗ ನಾವು ಭಾಂಡುಪಿನ ಚಾಳಿನಲ್ಲಿದ್ದೆವು. ನಾನು ಕುರ್ಲಾದ ಆಫೀಸಿನಿಂದ ಸೊಂಟದವರೆಗಿನ ನೀರಿನಲ್ಲಿ ನಡೆದು ಮರುದಿನ ಬೆಳಿಗ್ಗೆ ಮನೆ ಸೇರಿದೆ. ದಾರಿಯಲ್ಲಿ ಯಾರೋ ಚಹಾ ಕೊಟ್ಟರು, ಯಾರೋ ಹಗ್ಗ ಹಿಡಿದು ದಾಟಿಸಿದರು, ಮುಖ ನೆನಪಿಲ್ಲ. ಪಕ್ಕದ ಖೋಲಿಯವಳ ಗಂಡ ಆ ರಾತ್ರಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಇದೇ ಕೀರ್ತನೆ. ನನಗೆ ಬಾಯಿ ಬರಲಿಲ್ಲ. 26 ಸಲವೂ ಸುಮ್ನೆ ನಿಂತಿದ್ದೆ. ಅಕ್ಕಪಕ್ಕದವರು ಹೇಳುತ್ತಿದ್ದರು, ನನ್ನ ಪಾಲಿನದ್ದನ್ನೂ ಅವರೇ ಹೇಳಿದ ಹಾಗಿತ್ತು. ಹಾಗೆ ಎಷ್ಟೋ ತಿಂಗಳು. ಆಗಲೇ ನಾನು ಆ ಕೀರ್ತನೆಯನ್ನು ಸರಿಯಾಗಿ ಕೇಳಿಸಿಕೊಂಡಿದ್ದು. ಅದರಲ್ಲಿ ಬರೀ ಸೂರ್ಯ ಚಂದ್ರ ಇಲ್ಲ. ಐಗುಪ್ತದ ಚೊಚ್ಚಲ ಮಕ್ಕಳು ಸಾಯುತ್ತಾರೆ, ಫರೋಹನ ಸೈನ್ಯ ಕೆಂಪು ಸಮುದ್ರದಲ್ಲಿ ಮುಳುಗುತ್ತದೆ. ಆ ಸಾಲಿಗೂ ಕೊನೆಯಲ್ಲಿ ಅದೇ ಮಾತು. ಮುಳುಗಿದ ಸೈನಿಕರಿಗೂ ಮನೆಯಲ್ಲಿ ಹೆಂಡತಿ ಇದ್ದಿರಬೇಕು. ನಮ್ಮ ಸಭಾಪಾಲಕರು ಅದಕ್ಕೆ ಒಳ್ಳೆಯ ವಿವರಣೆ ಕೊಟ್ಟಿದ್ದಾರೆ, ಗುಲಾಮರಾಗಿದ್ದವರ ಬಿಡುಗಡೆಯ ಕಥೆ ಅದು ಅಂತ. ಒಪ್ಪುತ್ತೇನೆ. ಆದರೂ ಇವತ್ತಿಗೂ ಆ ಸಾಲು ಬಂದಾಗ ನನ್ನ ದನಿ ಇಳಿಯುತ್ತದೆ. ಬಿಟ್ಟುಬಿಡುವುದಿಲ್ಲ, ಮೆಲ್ಲಗೆ ಹೇಳುತ್ತೇನೆ.

ಹಕ್ಕಿಗಳ ಕಥೆಯೂ ಬರೀ ಗುಲಾಬಿ ಅಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಹತ್ತಿರ ಒಂದು ಹಿಂಡು ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತವು. ಇದೇ ಖಾಡಿ 2022ರಲ್ಲೇ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತ್ತು. ಕಾಗದದ ಮೇಲಿನ ರಕ್ಷಣೆ ಆಕಾಶದವರೆಗೆ ಹೋಗಲಿಲ್ಲ. ಗುಬ್ಬಿ ನೆಲಕ್ಕೆ ಬಿದ್ದರೂ ತಂದೆಗೆ ಗೊತ್ತಾಗುತ್ತದೆ ಅಂತ ಯೇಸುಸ್ವಾಮಿ ಹೇಳಿದ್ದಾರೆ. ಬೀಳುವುದೇ ಇಲ್ಲ ಅಂತ ಹೇಳಲಿಲ್ಲ. ಮುಂದಿನ ಚಳಿಗಾಲ ಹಕ್ಕಿಗಳು ಮತ್ತೆ ಬಂದವು.

ಕೀರ್ತನೆಯ ಕೊನೆಯಲ್ಲಿ, 25ನೇ ವಚನದಲ್ಲಿ, ಯುದ್ಧ ರಾಜರು ಎಲ್ಲ ಮುಗಿದ ಮೇಲೆ ಬರುವುದು ಊಟ. ಎಲ್ಲ ಜೀವಿಗಳಿಗೂ ಆಹಾರ ಕೊಡುವವನು. ನನಗೆ ತುಂಬ ಹಿಡಿಸುವುದು ಇದೇ. ಮೇಲಿನ ಮಹಡಿಯ ಉಡುಪಿಯ ಅಕ್ಕನಿಗೆ ಇದನ್ನು ಹೇಳಿದಾಗ ಅವರು ನಕ್ಕರು. “ಕಲ್ಲೊಳಗಿನ ಕಪ್ಪೆಗೆ ಅನ್ನ ಹಾಕಿದವನು ಯಾರು ಅಂತ ನಮ್ಮ ಕನಕದಾಸರು ಕೇಳಿದ್ದಾರೆ ಮಾರಾಯ್ತಿ. ನಿಮ್ಮಲ್ಲೂ ಅದೇ ಪ್ರಶ್ನೆಯಾ?” ಅಂದರು. ಅವರಿಗೆ ಕಲ್ಲಿನ ಕಪ್ಪೆ, ನನಗೆ ಕೆಸರಿನ ಹಕ್ಕಿ. ಆ ದಿನ ಚಹಾ ಎರಡು ಸಲ ಆಯಿತು.

ಹಕ್ಕಿ ನೋಡಿದ ಮರುದಿನ ಭಾನುವಾರ, ಹುಡುಗನನ್ನೂ ಸಭೆಗೆ ಕರೆದುಕೊಂಡು ಹೋಗಿದ್ದೆ. ಕೀರ್ತನೆ ಬೇರೆ ಇತ್ತು, ಚಿಕ್ಕದು. ಅವನಿಗೆ ಕನ್ನಡ ಓದಲು ನಿಧಾನ. ಬರುವಾಗ ಬಸ್ಸಿನಲ್ಲಿ ಕೇಳಿದ, “ಅಜ್ಜಿ, ಆ ಹಕ್ಕಿಗಳು ಈಗ ತಿಂತಾ ಇರ್ತಾವಾ?” ಮೊಬೈಲಿನಲ್ಲಿ ಉಬ್ಬರದ ಹೊತ್ತು ನೋಡಿದೆ. ಇನ್ನೂ ನೀರು ಏರುತ್ತಿತ್ತು. “ಈಗಿಲ್ಲ, ಸಂಜೆ ಹೊತ್ತಿಗೆ,” ಅಂದೆ.

ಹೋಗುವವರಿದ್ದರೆ ಮೇ ಒಳಗೆ ಹೋಗಿ. ದೋಣಿಯ ಹೊತ್ತು ಉಬ್ಬರ ನೋಡಿ ಬದಲಾಗುತ್ತದೆ, ಮೊದಲೇ ಕೇಳಿಕೊಂಡು ಹೊರಡಿ. ಕರವಸ್ತ್ರ ಇರಲಿ. ಎಲೆಯ ಉಪ್ಪನ್ನು ಮಕ್ಕಳ ಅಮ್ಮಂದಿರು ನೋಡದಾಗ ನೆಕ್ಕಿಸಿ.