ಬೆಟ್ಟಕ್ಕೆ ಬಸ್ಸಿದೆಯಾ ಸ್ವಾಮಿ?

ಮೈಸೂರಿನವರಿಗೆ ಆರೋಗ್ಯದ ಮೇಲೆ ಎಂಥಾ ಕಾಳಜಿ ಅಂತ ತಿಳಿಯಬೇಕಾದರೆ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ ಹೋಗಿ ನಿಲ್ಲಬೇಕು. ಮೆಟ್ಟಿಲು ಹತ್ತಲು ಬಂದವರ ಕಾರುಗಳು ರಸ್ತೆಯ ಎರಡೂ ಮಗ್ಗುಲಿಗೆ ಒತ್ತಿಕೊಂಡು ನಿಂತಿರುತ್ತವೆ. ಸಾವಿರ ಮೆಟ್ಟಿಲು ಹತ್ತುವ ದಮ್ಮಿರುವ ಗಂಡಸು, ಕಾರು ಬಿಟ್ಟ ಜಾಗದಿಂದ ಮೊದಲ ಮೆಟ್ಟಿಲವರೆಗೆ ನಡೆಯಬೇಕಾಯಿತಲ್ಲ ಅಂತ ಗೊಣಗುತ್ತಿರುತ್ತಾನೆ. ಊರಲ್ಲಿ ಪಾರ್ಕಿಂಗ್ ವ್ಯವಸ್ಥೆಯೇ ಸರಿಯಿಲ್ಲವಂತೆ. ಎಲ್ಲಿಂದ ಬಂದಿರಿ ಅಂತ ಕೇಳಿದರೆ ವಿದ್ಯಾರಣ್ಯಪುರಂ ಅನ್ನುತ್ತಾನೆ. ಅವನ ಮನೆ ತಾರಸಿಯಿಂದ ಬೆಟ್ಟ ಕಾಣುತ್ತದೆ. ಕೈಗಡಿಯಾರ ಮಾತ್ರ ಅವನ ಒಂದೊಂದು ಹೆಜ್ಜೆಯನ್ನೂ ಎಣಿಸುತ್ತಿರುತ್ತದೆ, ಪಾಪ, ಅದಕ್ಕೂ ಸಂಬಳವಿಲ್ಲ.

ಹಾಗಂತ ಬೆಟ್ಟಕ್ಕೆ ಬಸ್ಸಿಲ್ಲವೇ? ಇದೆ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ 201 ಹತ್ತಿ ಕೂತರೆ ನೇರ ಬೆಟ್ಟದ ನೆತ್ತಿಗೇ ಒಯ್ದು ಇಳಿಸುತ್ತದೆ. ಇಲ್ಲೇ ಇರೋದು ತಮಾಷೆ. ನಮ್ಮ ಸಾಹಸಿ ಕಾರನ್ನು ಪಾದದಲ್ಲಿ ಬಿಟ್ಟು, ನಂದಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಏದುಸಿರು ಬಿಡುತ್ತಾ ಮೇಲೆ ಮುಟ್ಟುತ್ತಾನೆ. ಇಳಿಯುವಾಗ ಮಂಡಿ ಮಾತು ಕೇಳುವುದಿಲ್ಲ. 201 ಹತ್ತುತ್ತಾನೆ. ಬಸ್ಸಿನ ದಾರಿಯೇ ಬೇರೆ, ಅದು ಅವನನ್ನು ಅರಮನೆ ಹತ್ತಿರ ತಂದು ಬಿಡುತ್ತದೆ. ಕಾರು ಪಾದದಲ್ಲಿದೆ. ಅಲ್ಲಿಂದ ಆಟೋದವನ ಜೊತೆ ಚೌಕಾಸಿ ಮಾಡಿ, ಮೀಟರ್ ಹಾಕಲ್ಲ ಅಂದನೆಂದು ವ್ಯವಸ್ಥೆಗೆ ಬೈದು, ಮತ್ತೆ ಪಾದಕ್ಕೆ ಬಂದು, ಕಾರಿನ ಎಸಿ ಹಾಕಿಕೊಂಡು ಮಸಾಲೆ ದೋಸೆಗೆ ಹೊರಡುತ್ತಾನೆ. ಕಾರು, ಕಾಲು, ಬಸ್ಸು, ಆಟೋ, ಪುನಃ ಕಾರು. ಒಲಿಂಪಿಕ್ಸಿನಲ್ಲಿ ಇದನ್ನು ಸೇರಿಸಿದರೆ ಚಿನ್ನ ನಮ್ಮೂರಿಗೇ.

ಇಂಥವರ ಕಷ್ಟ ನೋಡಲಾರದೆಯೇ ನಮ್ಮ ಸರ್ಕಾರಗಳು, ಹಗ್ಗಕ್ಕೆ ತೊಟ್ಟಿಲು ಕಟ್ಟಿ ಜನರನ್ನು ಬೆಟ್ಟಕ್ಕೆ ಎಳೆಯುವ ರೋಪ್‌ವೇ ಎಂಬುದನ್ನು ಹಳೇ ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಇಟ್ಟುಕೊಂಡಿರುವುದು. ಯಾವ ಪಕ್ಷ ಬಂದರೂ ಒಂದು ಸಲ ಮುಚ್ಚಳ ತೆಗೆದು ಮೂಸುತ್ತಾರೆ. 2022ರ ಬಜೆಟ್ಟಿನಲ್ಲಿ ಬಸವರಾಜ ಬೊಮ್ಮಾಯಿಯವರು ತೆಗೆದರು. ಊರಿಗೆ ಊರೇ ತಿರುಗಿ ಬಿದ್ದಿತು, ಅದೇ ವರ್ಷ ಮುಚ್ಚಿಟ್ಟರು. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮೆಟ್ಟಿಲು ಕಟ್ಟಿಸಿದರು, ಅಷ್ಟು ದೊಡ್ಡ ನಂದಿಯನ್ನು ಕಡೆಸಿದರು. ಪಾರ್ಕಿಂಗ್ ಬಗ್ಗೆ ಮಾತ್ರ ಒಂದು ಶಾಸನವನ್ನೂ ಹಾಕಿಸಲಿಲ್ಲ. ಆ ಕೊರತೆಯನ್ನು ನಮ್ಮ ಕಾಲದವರು ತುಂಬಿದ್ದಾರೆ. ಬೆಟ್ಟದ ತಲೆಯ ಮೇಲೆ ಬಹುಮಹಡಿ ಪಾರ್ಕಿಂಗ್ ಕಟ್ಟಡ! ಹತ್ತೋದಕ್ಕೆ ಒಂದು ಬೆಟ್ಟ ಸಾಲದು ಅಂತ ಅದರ ಮೇಲೆ ಇನ್ನೊಂದು. ಆದರೆ ಈ ಎರಡನೇ ಬೆಟ್ಟವನ್ನು ಕಾರೇ ಹತ್ತಿಕೊಳ್ಳುತ್ತದೆ, ನಿಮಗೆ ಶ್ರಮವಿಲ್ಲ.

2021ರ ಮಳೆಗಾಲ ಕಳೆಯುವ ಹೊತ್ತಿಗೆ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದು ಬಿತ್ತಲ್ಲ, ಅದು ಬೆಟ್ಟ ಸಲ್ಲಿಸಿದ ಆಕ್ಷೇಪಣೆ. ಅವಧಿಯೊಳಗೆ, ಸರಿಯಾದ ನಮೂನೆಯಲ್ಲಿ ಸಲ್ಲಿಸಲಿಲ್ಲವೆಂದು ಕಾಣುತ್ತದೆ. ಯಾರೂ ಓದಲಿಲ್ಲ.

ಮಂಡ್ಯದ ಕಡೆ ಬನ್ನಿ. ಶನಿವಾರ ರಾತ್ರಿ ಬೆಂಗಳೂರಿನಿಂದ ಟೆಂಪೋ ಟ್ರಾವೆಲರ್‌ಗಳು ಪಾಂಡವಪುರದ ಕುಂತಿ ಬೆಟ್ಟಕ್ಕೆ ಬರುತ್ತವೆ. ನೈಟ್ ಟ್ರೆಕ್, ಸೂರ್ಯೋದಯ, ಆಮೇಲೆ ತೊಣ್ಣೂರು ಕೆರೆ, ಉಪ್ಪಿಟ್ಟು ಎಲ್ಲಾ ಸೇರಿ ಒಂದು ಪ್ಯಾಕೇಜು. ಊರಿಗೆ ಅಂಟಿಕೊಂಡಂತಿರುವ ಬೆಟ್ಟ ಅದು. ಪಾಂಡವಪುರಕ್ಕೆ ಮೈಸೂರಿಂದಲೂ ಮಂಡ್ಯದಿಂದಲೂ ಸಾರಿಗೆ ಬಸ್ಸುಗಳಿವೆ. ಆದರೆ ಹೆಡ್‌ಲ್ಯಾಂಪು ಕಟ್ಟಿಕೊಂಡ ಹುಡುಗನಿಗೆ ಅದನ್ನು ಹೇಳಿದರೆ ನಂಬುವುದಿಲ್ಲ. ಬಸ್ಸಿನಲ್ಲಿ ಬಂದರೆ ಅದನ್ನು ಟ್ರೆಕ್ಕಿಂಗ್ ಅನ್ನುವುದಿಲ್ಲವಂತೆ, ನೆಂಟರ ಮನೆಗೆ ಹೋಗೋದು ಅನ್ನುತ್ತಾರಂತೆ.

ಆ ಬೆಟ್ಟದಲ್ಲಿ ಪಾಂಡವರು ತಾಯಿಯ ಜೊತೆ ಇದ್ದರು ಅಂತ ಕಥೆ. ಬಕಾಸುರನ ಪ್ರಸಂಗ ನಡೆದದ್ದೂ ಇಲ್ಲೇ ಅನ್ನುವವರಿದ್ದಾರೆ. ಹಾಗಾದರೆ ಆ ಸೀಮೆಯಲ್ಲಿ ಸರಿಯಾಗಿ ಸಾರಿಗೆ ನಡೆಸಿದವನು ಬಕಾಸುರ ಒಬ್ಬನೇ. ಯೋಚಿಸಿ ನೋಡಿ: ದಿನಕ್ಕೊಂದು ಬಂಡಿ, ಊರಿಂದ ನೇರ ಗವಿಯ ಬಾಗಿಲಿಗೆ, ಹೇಳಿದ ಹೊತ್ತಿಗೆ. ಒಂದು ದಿನ ಟ್ರಿಪ್ ಕಟ್ ಆದದ್ದಿಲ್ಲ. ತಡವಾಗಿ ಬಂದವನು ಭೀಮ ಮಾತ್ರ, ಅದೂ ದಾರಿಯಲ್ಲಿ ಅನ್ನ ಖಾಲಿ ಮಾಡುತ್ತಾ ಬಂದದ್ದರಿಂದ. ಹಿಂತಿರುಗುವ ಪ್ರಯಾಣಕ್ಕೆ ಟಿಕೆಟ್ ಕೊಡುತ್ತಿರಲಿಲ್ಲ ಅನ್ನೋದೊಂದೇ ಆ ಸೇವೆಯಲ್ಲಿದ್ದ ದೋಷ. ಇವತ್ತಿನ ಕೆಲವು ರೂಟುಗಳೂ ಹಾಗೇ ಇವೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರು ಊರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರಿಟ್ಟರು. ನನಗೆ ಅನುಮಾನ, ಆ ಸಿಪಾಯಿಗಳು ಬೀಡು ಬಿಟ್ಟಿರಲಿಲ್ಲ, ವಾಪಸ್ ಬಸ್ಸಿಗೆ ಕಾಯುತ್ತಿದ್ದರು.

ಬಸ್ಸಿಗೆ ಕಾಯುವ ವಿಷಯ ಬಂದದ್ದರಿಂದ ಹೇಳುತ್ತೇನೆ. ಯಾವ ಊರು ಅಂತ ಕೇಳಬೇಡಿ, ಆ ಸೀಮೆಯ ಒಂದು ಸ್ಟ್ಯಾಂಡು. ಕಿಟಕಿಯೊಳಗೆ ಕೂತಿದ್ದವರನ್ನು ಕೇಳಿದೆ.

"ಅಣ್ಣ, ಬೆಟ್ಟದ ಕಡೆಗೆ ಬಸ್ಸೈತಾ?"

"ಐತೆ ಸಾ."

"ಎಷ್ಟೊತ್ತಿಗೆ ಬತ್ತದೆ?"

"ಬಂದ್ಮೇಲೆ ಬತ್ತದೆ."

"ವಾಪಸ್ ಬರೋಕೆ?"

ಆತ ಮೊದಲ ಸಲ ತಲೆಯೆತ್ತಿ ನೋಡಿದರು. "ಬೆಟ್ಟದ ಮ್ಯಾಕೆ ಏನೈತೆ ಅಂತ ಓಯ್ತೀರಾ ಸಾ? ಗುಡಿ ಬಾಗ್ಲು ಹಾಕಿರ್ತಾರೆ."

ಸುಮ್ಮನೆ ಹತ್ತೋಕೆ ಅಂದೆ. ಪಕ್ಕದಲ್ಲಿದ್ದ ಕಂಡಕ್ಟರ್ ಬಹಳ ಕನಿಕರದಿಂದ, "ಮನೇಲಿ ಏನಾರ ಜಗಳವಾ?" ಅಂದರು. ಅವರನ್ನು ನಾನು ತಪ್ಪು ತಿಳಿಯುವುದಿಲ್ಲ. ಕೆಲಸವಿಲ್ಲದೆ ಬೆಟ್ಟ ಹತ್ತುವವನು ಕಾರಿನಲ್ಲಿ ಬರಬೇಕು, ಬಸ್ಸಿನಲ್ಲಿ ಬಂದವನಿಗೆ ಹರಕೆಯೋ ಕಷ್ಟವೋ ಇರಲೇಬೇಕು ಅಂತ ನಾಡೇ ನಂಬಿರುವಾಗ ಕಂಡಕ್ಟರ್ ಒಬ್ಬರೇ ಏನು ಮಾಡಿಯಾರು.

ಇನ್ನು ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಬೆಟ್ಟ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದೊಡ್ಡ ಹೆದ್ದಾರಿ ಉದ್ಘಾಟನೆಯಾಯಿತು, ಬೆಂಗಳೂರು ಹತ್ತಿರ ಬಂತು. ಹತ್ತಿರ ಬರುವ ಭರದಲ್ಲಿ ಅದು ಮಂಡ್ಯವನ್ನೂ ಶ್ರೀರಂಗಪಟ್ಟಣವನ್ನೂ ಬಳಸಿಕೊಂಡು ಹೋಯಿತು. ಬೈಪಾಸಿನಲ್ಲಿ ಹಾರುವ ಬಸ್ಸಿನ ಕಿಟಕಿಯಿಂದ ನೋಡಿ ಕೈಮುಗಿಯಬಹುದು. ಇಳಿಯಬೇಕೆಂದಿರಾ? ಊರೊಳಗೆ ಹೋಗುವ ಬಸ್ಸು ಹಿಡಿಯಿರಿ, ಆಮೇಲೆ ಆಟೋ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಇಡುವ ಪುಣ್ಯಾತ್ಮರು ಮಾತ್ರ ಹೇಗೋ ತಲುಪಿಬಿಡುತ್ತಾರೆ.

ಮೇಲುಕೋಟೆಯ ಬಗ್ಗೆ ದೂರಿಲ್ಲ. ಬಸ್ಸು ಊರೊಳಗೆ ಬಿಡುತ್ತದೆ, ಯೋಗಾನರಸಿಂಹನ ಮೆಟ್ಟಿಲು ಹತ್ತಿ ಬಂದರೆ ಪುಳಿಯೋಗರೆ ಸಿಗುತ್ತದೆ. ಯಾವ ಯೋಜನೆಯೂ ಇಲ್ಲದೆ ಇಷ್ಟು ಸಲೀಸಾಗಿರುವುದನ್ನು ಇಲಾಖೆಯವರು ಇನ್ನೂ ಗಮನಿಸಿಲ್ಲವೆಂದು ಕಾಣುತ್ತದೆ. ಮೆಲ್ಲಗೆ ಮಾತಾಡೋಣ.

ಗುಂಡ್ಲುಪೇಟೆ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಇನ್ನೊಂದು ಚಂದ. ಖಾಸಗಿ ಗಾಡಿಗಳನ್ನು ಕೆಳಗೇ ನಿಲ್ಲಿಸಿ, ಸಾರಿಗೆ ಬಸ್ಸಿನಲ್ಲೇ ಮೇಲೆ ಕರೆದೊಯ್ಯುತ್ತಾರೆ. ಬಂಡೀಪುರದ ಹುಲಿ ಕಾಡು, ಅಲ್ಲಿ ನಡೆದು ಹತ್ತುವಂತಿಲ್ಲ. ಸರಿಯಾದ ನಿಯಮವೇ. ಒಟ್ಟಿನಲ್ಲಿ ಬಸ್ಸು ಸಲೀಸಾಗಿ ಹೋಗುವ ಕಡೆ ನಡೆಯಬಾರದು, ನಡೆಯಬಹುದಾದ ಕಡೆ ಬಸ್ಸನ್ನು ದೇವರೇ ಕಳಿಸಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಜನ ನಿಂತಿದ್ದರಲ್ಲ, ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮಾಡಿತು. ಹೆಸರು, ಆಧಾರ್, ಹಣ, ಎಲ್ಲಾ ಫೋನಿನಲ್ಲೇ. ಬೆಟ್ಟದ ಬುಡದವರೆಗೆ ಹೋಗುವುದು ಹೇಗೆ ಅನ್ನೋದು ಚಾರಣಿಗನ ಹಣೆಬರಹ.

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅವತ್ತಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಗೋಳು: ಫ್ರೀ ಬಸ್ಸು ಬಿಟ್ಟು ಬೆಟ್ಟವನ್ನೆಲ್ಲ ಸಂತೆ ಮಾಡಿಬಿಟ್ಟರು. ಯಾರ ಗೋಳು? ಒಬ್ಬನೇ ಕೂತು, ನಾಲ್ಕು ಖಾಲಿ ಸೀಟು ಹೊತ್ತುಕೊಂಡು ಪಾದಕ್ಕೆ ಬರುವವನದು. ಟಿ. ನರಸೀಪುರದ ಕಡೆಯಿಂದ, ಮದ್ದೂರಿನ ಕಡೆಯಿಂದ ಕತ್ತಲಲ್ಲೇ ಎದ್ದು, ಆಧಾರ್ ಕಾರ್ಡು ಕುಪ್ಪಸದಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ಬರುವ ಹೆಂಗಸರನ್ನು ಆ ಮೆಟ್ಟಿಲ ಮೇಲೆ ನೋಡಿದ್ದೀರಾ? ಬರಿಗಾಲು. ಕೈಯಲ್ಲಿ ಅರಿಶಿನ, ಕುಂಕುಮದ ಬಟ್ಟಲು. ಮೊದಲ ಮೆಟ್ಟಿಲಿಂದ ಕೊನೆಯ ಮೆಟ್ಟಿಲವರೆಗೆ ಒಂದೊಂದಕ್ಕೂ ಬಗ್ಗಿ ಹಚ್ಚುತ್ತಾ ಹತ್ತುತ್ತಾರೆ. ಸಾವಿರ ಸಲ ಬಗ್ಗಿ ಏಳುವುದಕ್ಕೆ ಜಿಮ್ಮಿನವರು ಬೇರೆ ಹೆಸರಿಟ್ಟು ತಿಂಗಳಿಗೆ ಹಣ ಕಟ್ಟಿಸಿಕೊಳ್ಳುತ್ತಾರೆ. ಈ ಊರಲ್ಲಿ ಬಸ್ಸಿಳಿದು ಬೆಟ್ಟ ಹತ್ತುವ ಚಾರಣಿಗರು ಅಂತ ಯಾರಾದರೂ ಇದ್ದರೆ ಅವರೇ. ಅವರಿಗೆ ಯಾರೂ ಆ ಹೆಸರು ಕೊಡುವುದಿಲ್ಲ, ಪ್ರವಾಸೋದ್ಯಮದ ಪೋಸ್ಟರಿನಲ್ಲಿ ಅವರ ಕಾಲು ಇರುವುದಿಲ್ಲ. ಅವರಿಗೆ ಬೇಕಾದದ್ದು ಬೆಳಗಿನ ಜಾವಕ್ಕೊಂದು ಬಸ್ಸು, ಕುಡಿಯೋಕೆ ನೀರು, ಬಾಗಿಲು ಮುಚ್ಚುವ ಒಂದು ಶೌಚಾಲಯ. ಇದಕ್ಕೆ ಹಗ್ಗವೂ ಬೇಡ, ತೊಟ್ಟಿಲೂ ಬೇಡ. ಎಷ್ಟು ವರ್ಷ ಇದನ್ನೇ ಬರೆಯೋದು?

ಸರ್ಕಾರಕ್ಕೆ ತಿಳಿಯದು ಅಂತೀರಾ? ಚೆನ್ನಾಗಿ ತಿಳಿದಿದೆ. ಆಷಾಢ ಶುಕ್ರವಾರ ಬಂದರೆ ಬೆಟ್ಟಕ್ಕೆ ಖಾಸಗಿ ವಾಹನ ಬಂದ್. ಎಷ್ಟೇ ದೊಡ್ಡ ಕಾರಾದರೂ ಲಲಿತಮಹಲ್ ಪಕ್ಕದ ಮೈದಾನದಲ್ಲಿ ಬಿಟ್ಟು ಸಾರಿಗೆ ಬಸ್ಸು ಹತ್ತಬೇಕು. ಒಂದರ ಹಿಂದೊಂದು ಬಸ್ಸು. ಜನಸಾಗರ ಹತ್ತುತ್ತದೆ, ಇಳಿಯುತ್ತದೆ, ತಾಯಿಯ ದರ್ಶನವೂ ಆಗುತ್ತದೆ, ಬೆಟ್ಟವೂ ಕುಸಿಯುವುದಿಲ್ಲ. ಆ ದಟ್ಟಣೆ ಕಳೆದರೆ ತಡೆ ತೆಗೆದು ಕಾರುಗಳನ್ನು ಬಿಡುತ್ತಾರೆ. ಆಷಾಢದಲ್ಲಿ ಆಗುವುದು ಉಳಿದ ತಿಂಗಳು ಯಾಕೆ ಆಗದು ಅಂತ ಕೇಳಿದೆ, ಇಂಥ ವಿಷಯ ಬಲ್ಲವರೊಬ್ಬರನ್ನು. ಉಳಿದ ದಿನ ಅಷ್ಟು ಜನ ಬರೋದಿಲ್ಲವಲ್ಲ ಅಂದರು. ಜನವೇ ಬರೋದಿಲ್ಲ ಅಂದಮೇಲೆ ರೋಪ್‌ವೇ ಯಾರಿಗೆ ಸ್ವಾಮಿ ಅಂದೆ. ಅವರಿಗೆ ಆಗಲೇ ಫೋನ್ ಬಂತು.