ಕಾಲಪಲ್ಲಟ

"ಸಂಗೀತದವರನ್ನು ಮಾತ್ರ ನಂಬಬೇಡಿ ಸಾರ್" ಎಂದು ದರ್ಜಿ ಹೇಳಿದ.

ಜುಬ್ಬಾಕ್ಕಾಗಿ ನಾನು ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದು ನಾಲ್ಕನೆಯ ಸಲ. ಬಟ್ಟೆ ಕೊಟ್ಟು ಐದು ವಾರವಾಗಿತ್ತು. ಅದು ಕಪಾಟಿನ ಮೇಲರೆಯಲ್ಲಿ, ನಾನು ಕೊಟ್ಟಾಗ ಹೇಗೆ ಮಡಿಸಿತ್ತೋ ಹಾಗೆಯೇ, ಜವಳಿ ಅಂಗಡಿಯ ಚೀಟಿಯ ಸಮೇತ ಕುಳಿತಿರುವುದು ನನಗೆ ಕಾಣುತ್ತಿತ್ತು. ಅವನಿಗೂ ಕಾಣುತ್ತಿತ್ತು. ಆದರೂ "ಆಯಿತು ಸಾರ್, ಕಾಜಾ ಒಂದು ಬಾಕಿ" ಎಂದ. ಕತ್ತರಿಯನ್ನೇ ಕಾಣದ ಬಟ್ಟೆಗೆ ಕಾಜಾ ಬಾಕಿ! ರಾಮನವಮಿಗೆ ಬೇಕಾಗಿತ್ತು ಮಾರಾಯ, ಬಡಾವಣೆಯ ಸಂಗೀತ ಕಚೇರಿಗೆ ಈ ವರ್ಷವೂ ನಾನೇ ಕಾರ್ಯದರ್ಶಿ ಎಂದು ಗೊಣಗಿದೆ. ಅವನು ಕೊರಳಿನ ಅಳತೆಪಟ್ಟಿಯನ್ನು ಸರಿಪಡಿಸಿಕೊಂಡು, ನನ್ನ ಬಗ್ಗೆ ನಿಜವಾದ ಕಾಳಜಿಯಿಂದ, ಮೇಲಿನ ಬುದ್ಧಿಮಾತನ್ನು ಹೇಳಿದ.

ಈ ಮಾತನ್ನು ನನಗೆ ಹೇಳದವರಿಲ್ಲ. ಹೋದ ವರ್ಷ ಇನ್ನೂರು ಕುರ್ಚಿ ಎಂದಿದ್ದಕ್ಕೆ ನೂರಿಪ್ಪತ್ತನ್ನು ತಂದಿಳಿಸಿದ ಶಾಮಿಯಾನದವನು ಹೇಳಿದ. ದೀಪ ಬೆಳಗಲು ಐದಕ್ಕೆ ಬರಬೇಕಾಗಿದ್ದು ಏಳಕ್ಕೆ ಬಂದ ಗಣ್ಯರು, ಹಾರ ಹಾಕಿಸಿಕೊಳ್ಳುತ್ತಲೇ ಹೇಳಿದರು. ಅವರು ತಡವಾಗಿ ಬಂದರೆ ಕೆಲಸದ ಒತ್ತಡ. ಕಲಾವಿದ ತಡವಾಗಿ ಬಂದರೆ ಸ್ವಭಾವ. ನಮ್ಮ ಭಾಷೆಯಲ್ಲಿ ಕಚೇರಿ ಎಂಬ ಒಂದೇ ಶಬ್ದ ಎರಡು ಜಾಗಗಳಿಗಿದೆ. ಒಂದು ಕಚೇರಿಯಲ್ಲಿ ಹನ್ನೊಂದಾದರೂ ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿದ್ದರೆ ನಾವು ಅರ್ಜಿ ಹಿಡಿದು ತಗ್ಗಿ ನಿಲ್ಲುತ್ತೇವೆ. ಇನ್ನೊಂದರಲ್ಲಿ ಆರೂವರೆಗೆ ಪರದೆ ಸರಿಯದಿದ್ದರೆ ಆರು ಮೂವತ್ತೈದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತವನು ನಾನು. ಯಾವ ಫ್ಯಾನಿನ ಕೆಳಗೆ ಯಾರು ಇರುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹೀಗೆಂದ ಮಾತ್ರಕ್ಕೆ ಕಲಾವಿದರ ಪರವಾಗಿ ವಕಾಲತ್ತು ವಹಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಹೋದ ವರ್ಷದ ಮೃದಂಗದವರು ನನಗೆ ಮಾಡಿದ್ದನ್ನು ಕೇಳಿದರೆ ನೀವೂ ದರ್ಜಿಯ ಪಕ್ಷ ಸೇರುತ್ತೀರಿ.

ಆರೂವರೆಗೆ ಕಚೇರಿ. ಐದಕ್ಕೆಲ್ಲ ಮೃದಂಗ ಬಂತು. ಮೃದಂಗದವರಲ್ಲ, ಮೃದಂಗ. ಅವರ ಶಿಷ್ಯ, ಮೀಸೆ ಇನ್ನೂ ಮೂಡದ ಹುಡುಗ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದು, ವೇದಿಕೆಯ ಬಲಗಡೆ ಜಮಖಾನದ ಮೇಲೆ ಗವಸಿನ ಸಮೇತ ಮಲಗಿಸಿದ. ಸಮಿತಿಯ ಅಧ್ಯಕ್ಷರಿಗೆ ಅಷ್ಟರಲ್ಲೇ ಸಮಾಧಾನವಾಗಿ, "ಮೃದಂಗ ಬಂದಿದೆಯಲ್ಲ, ಅವರೂ ಬಂದ ಹಾಗೆಯೇ" ಎಂದು ಮನೆಗೆ ಕಾಫಿಗೆ ಹೋದರು. ಹುಡುಗ ನನ್ನ ಹತ್ತಿರ ಬಂದು ಸಂಕೋಚದಿಂದ ಒಂದು ಹಿಡಿ ರವೆ ಕೇಳಿದ. ಪಾನಕ, ಕೋಸಂಬರಿಯ ಉಸ್ತುವಾರಿಯಲ್ಲಿದ್ದ ಅಡುಗೆಯ ಭಟ್ಟರು "ಉಪ್ಪಿಟ್ಟು ನಾಳೆಗೆ" ಎಂದು ಗದರಿದರು. ತಿನ್ನುವುದಕ್ಕಲ್ಲ, ಮೃದಂಗದ ಎಡಮುಚ್ಚಿಗೆಗೆ ಮೆತ್ತುವುದಕ್ಕೆ ಎಂದು ವಿವರಿಸಿದ ಮೇಲೆ ಭಟ್ಟರ ಆಸಕ್ತಿ ಕೆರಳಿತು. ಬಾಂಬೆ ರವೆಯೋ ಚಿರೋಟಿ ರವೆಯೋ? ಹುರಿದದ್ದೋ ಹಸಿಯದೋ? ನೀರು ಬಿಸಿಯೋ ತಣ್ಣಗೋ? ಹುಡುಗ "ಸಣ್ಣದು" ಎಂದಷ್ಟೇ ಹೇಳಿದ. ಭಟ್ಟರು ಚಿರೋಟಿ ರವೆಯನ್ನು ಸ್ವತಃ ನೆನೆಸಿ ಕಲಸಿ, ಮುದ್ದೆ ಮಾಡಿ, ಬಾಳೆ ಎಲೆಯ ಚೂರಿನ ಮೇಲಿಟ್ಟು ಕೊಟ್ಟರು. ಹೋಳಿಗೆಯ ಕಣಕಕ್ಕೂ ಅಷ್ಟು ಮುತುವರ್ಜಿ ವಹಿಸುವವರಲ್ಲ ಅವರು. ಆ ಮುದ್ದೆ ಆರೂವರೆಗೆ ಹದವಾಗಿತ್ತು. ಏಳಕ್ಕೆ ಅಂಚು ಬಿರಿಯಿತು. ಏಳೂವರೆಗೆ ನೋಡಿದರೆ ಅದರಿಂದ ಮೊಳೆ ಹೊಡೆಯಬಹುದಾಗಿತ್ತು.

ಗಾಯಕಿ ಮತ್ತು ಪಿಟೀಲಿನವರು ಆರಕ್ಕೇ ಬಂದು ಶ್ರುತಿ ಮಾಡಿಕೊಂಡು ಕುಳಿತಿದ್ದರು. ಸಮಯಕ್ಕೆ ಸರಿಯಾಗಿ ಬಂದವರ ಬಗ್ಗೆ ಬರೆಯಲು ಏನಿರುತ್ತದೆ? ನಾನು ಗೇಟಿನ ಹತ್ತಿರ ಮೊಬೈಲು ಹಿಡಿದು ನಿಂತಿದ್ದೆ. ಆರೂ ಹತ್ತಕ್ಕೆ ಮೃದಂಗದವರು "ಬಂದೆ ಸಾರ್" ಎಂದರು. ಆರೂ ಮುಕ್ಕಾಲಿಗೆ "ಬಂದೆ ಬಂದೆ" ಎಂದರು. ಏಳಕ್ಕೆ "ಬಂದುಬಿಟ್ಟೆ ಸಾರ್" ಎಂದರು. ಹಿಂದಿನಿಂದ ತಾಳ, ಯಾರದೋ ಹಾಡು, ಜನರ ಗದ್ದಲ ಕೇಳಿಸಿತು. ಚೈತ್ರಮಾಸದ ಬೆಂಗಳೂರಿನಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ಉತ್ಸವದಿಂದ ಹಿಡಿದು ನಮ್ಮಂಥ ಮೂಲೆಯ ಬಡಾವಣೆಗಳವರೆಗೆ ಎಲ್ಲಿ ನೋಡಿದರೂ ಚಪ್ಪರ, ಎಲ್ಲ ಚಪ್ಪರಕ್ಕೂ ಮೃದಂಗ ಬೇಕು.

ಹೈಸ್ಕೂಲಿನ ವ್ಯಾಕರಣದಲ್ಲಿ ಕಾಲಪಲ್ಲಟ ಎಂದೊಂದು ಪಾಠವಿತ್ತು. ಒಂದು ಕಾಲದಲ್ಲಿ ಹೇಳಬೇಕಾದ ಕ್ರಿಯಾಪದವನ್ನು ಇನ್ನೊಂದು ಕಾಲದಲ್ಲಿ ಹೇಳುವುದು. "ನಾಳೆ ಮೈಸೂರಿಗೆ ಹೋಗುತ್ತೇನೆ" ಎಂಬಂಥ ಬಡಪಾಯಿ ಉದಾಹರಣೆ ಕೊಟ್ಟು, ಎರಡು ಅಂಕದ ಪ್ರಶ್ನೆ, ಗುರುತು ಹಾಕಿಕೊಳ್ಳಿ ಎಂದು ಕನ್ನಡ ಪಂಡಿತರು ಮುಂದೆ ಹೋಗಿಬಿಟ್ಟರು. ಇಡೀ ನಾಡು ಬದುಕುತ್ತಿರುವುದೇ ಇದರ ಮೇಲೆ ಎಂದು ಅವರು ಹೇಳಲಿಲ್ಲ. "ಬಂದೆ" ಎಂದರೆ ಇನ್ನೂ ಎದ್ದಿಲ್ಲ. "ಹೊರಟೆ" ಎಂದರೆ ಸ್ನಾನಕ್ಕೆ ಹೊರಟಿದ್ದಾರೆ. "ಬಂದುಬಿಟ್ಟೆ" ಎಂದರೆ ಒಂದು ಚಪ್ಪಲಿ ಸಿಕ್ಕಿದೆ, ಇನ್ನೊಂದನ್ನು ಹುಡುಕುತ್ತಿದ್ದಾರೆ. ಹೋಟೆಲಿನಲ್ಲಿ ದೋಸೆ ಎಲ್ಲಪ್ಪ ಎಂದರೆ ಹುಡುಗ "ತಂದೆ ಸಾರ್" ಎಂದು ಬರಿಗೈಯಲ್ಲಿ ಹಾದುಹೋಗುತ್ತಾನೆ. ಸುಳ್ಳು ಎಂದು ಜಗಳ ತೆಗೆಯುವಂತಿಲ್ಲ, ವ್ಯಾಕರಣವೇ ಒಪ್ಪಿದೆ. ಭೂತಕಾಲದಲ್ಲಿ ಇಷ್ಟು ಧಾರಾಳವಾಗಿ ಭವಿಷ್ಯವನ್ನು ಹಂಚುವ ಜನ ಮೃದಂಗದವರೊಬ್ಬರನ್ನು ಹಿಡಿದು ನಿಲ್ಲಿಸಿ ಭರವಸೆಗೆ ಅರ್ಹನಲ್ಲ ಎನ್ನುವುದು ಯಾವ ನ್ಯಾಯ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ಅವರನ್ನು ಸಿಕ್ಕಿದಲ್ಲಿ ಹಿಡಿದು ತರಲು ಏನಾದರೂ ಉಪಾಯವಿದೆಯೇ ಎಂದಷ್ಟೇ ಯೋಚಿಸುತ್ತಿದ್ದೆ.

ಉಪಾಯವೊಂದನ್ನು ಗದಗಿನ ಜೋಶಿ ಮಾಸ್ತರರು ಬಹಳ ಹಿಂದೆಯೇ ಕಂಡುಹಿಡಿದಿದ್ದರು. ಅವರ ಮಗ ವಾದ್ಯದ ಮೆರವಣಿಗೆ ಕಂಡರೆ ಸಾಕು, ಹಿಂದೆಯೇ ಹೋಗಿಬಿಡುತ್ತಿದ್ದ. ಕಾಲು ಸೋತಲ್ಲಿ ಮಲಗಿ ನಿದ್ದೆ. ಮನೆಯವರು ಪೊಲೀಸರವರೆಗೂ ಹೋಗಬೇಕಾಯಿತು. ಕೊನೆಗೆ ಬೇಸತ್ತ ಮಾಸ್ತರರು ಹುಡುಗನ ಅಂಗಿಯ ಮೇಲೇ "ಜೋಶಿ ಮಾಸ್ತರರ ಮಗ" ಎಂದು ಬರೆದುಬಿಟ್ಟರು. ಕಂಡವರು ಎತ್ತಿ ತಂದು ಮನೆಗೆ ಮುಟ್ಟಿಸುತ್ತಿದ್ದರು. 1933ರಲ್ಲಿ ಹನ್ನೊಂದರ ವಯಸ್ಸಿಗೆ ಆ ಹುಡುಗ ಗುರುವನ್ನು ಹುಡುಕಿಕೊಂಡು ಅಂಗಿಯ ವಿಳಾಸಕ್ಕೂ ನಿಲುಕದಷ್ಟು ದೂರ, ಉತ್ತರ ಹಿಂದುಸ್ತಾನಕ್ಕೇ ಓಡಿದ. ಟಿಕೆಟ್ ಕೇಳಿದವರಿಗೆ ಹಾಡು ಹೇಳಿದ. ತಂದೆ ಜಲಂಧರದಿಂದ ಕರೆತಂದರು. ಆಮೇಲೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯ ನೀರು ಹೊತ್ತು ಕಲಿತ. ಇಂಥವನಿಗೆ ಯಾವ ಬ್ಯಾಂಕು ಸಾಲ ಕೊಡುತ್ತಿತ್ತು? ನಾನಂತೂ ಕೊಡುತ್ತಿರಲಿಲ್ಲ. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಭೀಮಸೇನ ಜೋಶಿಯವರು ದಶಕಗಟ್ಟಲೆ ತಾವೇ ಮುಂದೆ ನಿಂತು ಅದನ್ನು ನಡೆಸಿದರು. ವರ್ಷಕ್ಕೊಂದು ಸಂಜೆಯ ಉತ್ಸವವನ್ನು ಎರಡು ವರ್ಷ ನಡೆಸಿಯೇ ರಕ್ತದೊತ್ತಡದ ಮಾತ್ರೆ ಹಿಡಿದಿರುವ ನನಗೆ ಅದು ಎಂಥ ಕೆಲಸವೆಂದು ಗೊತ್ತು.

ಎಲ್ಲಿದ್ದೆ? ಗೇಟಿನ ಹತ್ತಿರ. ಏಳೂ ಐವತ್ತೈದಕ್ಕೆ ಆಟೋ ಬಂತು. ಮೃದಂಗದವರು ಇಳಿದು, ನಾನೇ ತಡಮಾಡಿದವನೇನೋ ಎಂಬಂತೆ ನನ್ನ ಹೆಗಲು ತಟ್ಟಿ, "ಬಂದೆ ಸಾರ್" ಎಂದರು. ಆ ಸಂಜೆ ಆ ಶಬ್ದ ಸರಿಯಾದ ಕಾಲದಲ್ಲಿ ಬಿದ್ದದ್ದು ಅದೊಂದೇ ಸಲ. ಹುಡುಗ ಹೊಸದಾಗಿ ರವೆ ಕಲಸಿದ್ದ. ಎಡಗೈಯಿಂದ ಅದನ್ನು ಮೆತ್ತಿ, ಬಲಗಡೆಯ ಅಂಚನ್ನು ಕಲ್ಲಿನಿಂದ ನಾಲ್ಕು ಕಡೆ ತಟ್ಟಿ, ಕಿವಿಯಿಟ್ಟು ಕೇಳಿ, ಐದು ನಿಮಿಷದಲ್ಲಿ ಕೈ ಹಚ್ಚಿದರು.

ಮರುದಿನ ನನ್ನ ಭಾವಮೈದ ಸಮಾಧಾನ ಹೇಳಲು ಬಂದ. "ಗಂಟೆಗಟ್ಟಲೆ ತಡವಾಗಿ ಬಂದರು, ಒಪ್ಪಿದೆ. ಆದರೆ ತನಿಯಲ್ಲಿ, ಮೃದಂಗ ಒಂದೇ ನುಡಿಯುವಾಗ, ನೋಡಿದಿರಾ? ಆದಿತಾಳದ ಎಂಟು ಅಕ್ಷರದಲ್ಲಿ ಒಂದೇ ಒಂದು ಎಳ್ಳಿನಷ್ಟು ಆಚೀಚೆ ಆಗಲಿಲ್ಲ." ಇಂಥ ಚಮತ್ಕಾರದ ಮಾತುಗಳಿಂದ ನನಗೆ ಮೈಯುರಿಯುತ್ತದೆ. ನಾನು ಗೇಟಿನಲ್ಲಿ ಆದಿತಾಳ ಹಾಕುತ್ತ ನಿಂತಿರಲಿಲ್ಲ. ತನಿ ಕೇಳಿದವರಾದರೂ ಎಷ್ಟು ಜನ? ತನಿ ಶುರುವಾದೊಡನೆ ಎದ್ದು ಕೋಸಂಬರಿಯ ಸಾಲಿಗೆ ಹೋಗುವುದರಲ್ಲಿ ನಮ್ಮ ಶ್ರೋತೃಗಳಷ್ಟು ಸಮಯಪಾಲಕರು ಬೇರೆ ಇಲ್ಲ. ತಡವಾಗಿ ಬರುವುದನ್ನೇ ಪ್ರತಿಭೆಯ ಲಕ್ಷಣವೆಂದು ಬಗೆದು ಅದನ್ನು ಅಭ್ಯಾಸ ಮಾಡುವ ಕವಿಗಳಿಬ್ಬರನ್ನು ನಾನು ಬಲ್ಲೆ; ಅವರ ಕವಿತೆಯಲ್ಲೂ ಲಯವಿಲ್ಲ.

ನನ್ನ ಹೆಂಡತಿ ಕಾರ್ಕಳದವಳು. ಅವಳಿಗೆ ಈ ಚರ್ಚೆಯೇ ಅಸಂಬದ್ಧ. "ನಮ್ಮೂರ ಯಕ್ಷಗಾನ ಮೇಳದವರು ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಬಿಚ್ಚುವುದು ಮೇ ತಿಂಗಳ ಪತ್ತನಾಜೆಗೆ. ಆರು ತಿಂಗಳ ತಿರುಗಾಟ, ದಿನಕ್ಕೊಂದು ಊರು. ಜ್ವರ ಬಂದರೂ ಚೌಕಿಯಲ್ಲಿ ಬಣ್ಣ ಹಚ್ಚುತ್ತಾರೆ. ಕಟೀಲಿನ ಹರಕೆಯಾಟಕ್ಕೆ ಜನ ವರ್ಷಗಟ್ಟಲೆ ಮುಂಚೆ ಹೆಸರು ಬರೆಸುತ್ತಾರೆ, ಬಾರದವರಿಗೆ ಬರೆಸುತ್ತಾರೆಯೇ?" ಎಂದಳು. ಆಮೇಲೆ, "ನಿಮ್ಮ ಮೃದಂಗದವರಿಗೆ ಸಂಭಾವನೆ ಯಾವತ್ತು ಕೊಟ್ಟಿರಿ?" ಎಂದು ಕೇಳಿದಳು. ಲಕೋಟೆ ತಲುಪಿದ್ದು ಆಷಾಢದಲ್ಲಿ. ಖಜಾಂಚಿ ಊರಿನಲ್ಲಿರಲಿಲ್ಲ. ಅದು ಬೇರೆ ವಿಷಯ. ಅವರು ಫೋನು ಮಾಡಿದಾಗಲೆಲ್ಲ "ಕಳಿಸಿದೆ" ಎಂದೇ ಹೇಳಿದ್ದೇನೆ.

ಇದನ್ನೆಲ್ಲ ದರ್ಜಿಯ ಮುಂದೆ ತೋಡಿಕೊಂಡೆ. ಅವನು ಯಾರದೋ ರವಿಕೆಯ ತೋಳನ್ನು ಸೂಜಿಯ ಕೆಳಗೆ ತಿರುಗಿಸುತ್ತಿದ್ದವನು ಪೆಡಲು ನಿಲ್ಲಿಸಿದ.

"ಅವತ್ತು ನಾನೂ ಇದ್ದೆ ಸಾರ್" ಎಂದ. "ಅಂಗಡಿ ಮುಚ್ಚಿ ಹೋಗುವಾಗ ಹಾಗೇ ಕಂಬಕ್ಕೆ ಒರಗಿ ನಿಂತೆ. ಮೃದಂಗ ಇಲ್ಲದಿದ್ದರೆ ಬೇಡ ಎಂದು ಆ ಹಾಡುವ ಅಮ್ಮ ತೋಡಿ ರಾಗ ಎತ್ತಿಕೊಂಡರು ನೋಡಿ. ತಾಳವಿಲ್ಲ, ಸಾಹಿತ್ಯವಿಲ್ಲ, ಬರೀ ರಾಗ. ಮುಕ್ಕಾಲು ಗಂಟೆ. ನನ್ನ ಪಕ್ಕದಲ್ಲಿ ಹಾಲಿನವನು ಸೈಕಲ್ಲು ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಮೃದಂಗದವರು ಬಂದಾಗ ನನಗೆ ಸಿಟ್ಟೇ ಬಂತು ಸಾರ್, ಇನ್ನೊಂದು ಗಂಟೆ ಬಿಟ್ಟು ಬರಬಾರದಿತ್ತೇ ಎಂದು."

ಬಡಾವಣೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಹಾಲಿನ ಅಂಗಡಿಯಲ್ಲಿ, ಉದ್ಯಾನದಲ್ಲಿ, ಲಿಫ್ಟಿನಲ್ಲಿ. ಎಂಥ ತೋಡಿ ಸಾರ್, ಈ ಸಲವೂ ಅವರನ್ನೇ ಕರೆಸಿ. ನಮ್ಮ ಗೇಟಿನಿಂದ ವೇದಿಕೆಗೆ ನೂರು ಹೆಜ್ಜೆ. ಧ್ವನಿವರ್ಧಕ ಆ ಕಡೆಗೆ ತಿರುಗಿತ್ತು. ನನ್ನ ಕಿವಿಯಲ್ಲಿ ಮೊಬೈಲು ಇತ್ತು.

"ನೀವು ಎದುರಿಗೇ ಕುಳಿತು ಕೇಳಿರಬೇಕು" ಎಂದ ದರ್ಜಿ.

"ಕೇಳಿದೆ" ಎಂದೆ.